ಮಧ್ಯಮಕ್ಕೆ 900 ರೂಪಾಯಿ

ಥಾಯ್ಲೆಂಡಿನಲ್ಲಿ ಮಳೆ ಸುರಿದರೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಧಾರಣೆ ಏರುತ್ತದೆ ಎಂದು ನನಗೆ ಗೊತ್ತಾದದ್ದು 2011ರ ಕೊನೆಯಲ್ಲಿ. ಆ ವರ್ಷ ಅಲ್ಲಿ ಪ್ರವಾಹ ಬಂದು ಹಾರ್ಡ್ ಡಿಸ್ಕ್ ಕಾರ್ಖಾನೆಗಳು ನೀರಿನಲ್ಲಿ ನಿಂತವು, ಲೋಕವೆಲ್ಲ ಡಿಸ್ಕಿಗಾಗಿ ಬಾಯಿ ಬಿಡುತ್ತಿತ್ತು. ಅಂಥ ಸುಮುಹೂರ್ತವನ್ನೇ ಆರಿಸಿಕೊಂಡು ನಾನು ಲ್ಯಾಪ್‌ಟಾಪಿಗೆ ಹೊಸ ಡಿಸ್ಕ್ ಹಾಕಿಸಲು ಹೊರಟೆ. ಹಳೆಯದು ತುಂಬಿ ತುಳುಕುತ್ತಿತ್ತು. ಒಂದು ಫೈಲ್ ಮೇಲೆ ಕ್ಲಿಕ್ಕಿಸಿ, ಒಳಗೆ ಹೋಗಿ ಕಾಫಿ ಬೆರೆಸಿಕೊಂಡು, ಸಕ್ಕರೆ ಸಾಲದೆಂದು ಮತ್ತೊಮ್ಮೆ ಹೋಗಿ ಬರುವಷ್ಟು ಪುರುಸೊತ್ತು ಕೊಡುತ್ತಿತ್ತು.

ಅಂಗಡಿಯವರು ಎರಡು ಪೊಟ್ಟಣ ಮುಂದಿಟ್ಟರು. ಎರಡೂ 500 ಜಿಬಿ. ಒಂದು ನಿಮಿಷಕ್ಕೆ 5,400 ಸುತ್ತು ತಿರುಗುವುದು, ಇನ್ನೊಂದು 7,200. ವೇಗದ್ದಕ್ಕೆ 900 ರೂಪಾಯಿ ಜಾಸ್ತಿ. "ಯಾವುದು ಸಾರ್?"

ಇದು, ಅದು ಎಂದು ಮುಗಿಸಬಹುದಾದ ಪ್ರಶ್ನೆಗಳೇ ನನಗೆ ಆಗಿಬರುವುದಿಲ್ಲ. ಷಡ್ಡಕನಿಗೆ ಫೋನ್ ಹಚ್ಚಿದೆ. ಕಂಪ್ಯೂಟರ್ ವಿಷಯದಲ್ಲಿ ಅವನು ನಮ್ಮ ಮನೆತನದ ಸುಪ್ರೀಂ ಕೋರ್ಟು. "ಅವೆರಡೂ ಬಿಡು, ಎಸ್‌ಎಸ್‌ಡಿ ಹಾಕಿಸು" ಎಂದ. ಅದರ ಬೆಲೆ ಕೇಳಿದೆ. ಆ ದುಡ್ಡಿಗೆ ಇನ್ನೊಂದು ಅರ್ಧ ಲ್ಯಾಪ್‌ಟಾಪೇ ಬರುತ್ತಿತ್ತು. ಎರಡರಲ್ಲಿ ಯಾವುದು ಎಂದು ಕೇಳಿದರೆ ಮೂರನೆಯದನ್ನು ತೋರಿಸಿ, ನಮ್ಮ ಬಡತನವನ್ನು ನಮ್ಮ ಬಾಯಿಂದಲೇ ಹೇಳಿಸುವ ಈ ಜಾತಿಯ ಜನರ ಮೇಲೆ ನನಗಿರುವ ಸಿಟ್ಟಿಗೆ ಪ್ರತ್ಯೇಕ ಪ್ರಬಂಧವೇ ಬೇಕು.

ಕೊನೆಗೆ ಅಂಗಡಿಯವರಿಂದಲೇ ಪೆನ್ನು ಇಸಿದುಕೊಂಡು ಒಂದು ಹಳೇ ಬಿಲ್ಲಿನ ಬೆನ್ನ ಮೇಲೆ ಲೆಕ್ಕ ಹಾಕತೊಡಗಿದೆ. ಡಿಸ್ಕಿನೊಳಗೆ ತಟ್ಟೆ ತಿರುಗುತ್ತಿರುತ್ತದೆ. ತನಗೆ ಬೇಕಾದ ಜಾಗ ಕೆಳಗೆ ಬರಲಿ ಎಂದು ಓದುವ ಹೆಡ್ಡು ಕಾಯುತ್ತದೆ. ಸರಾಸರಿ ಅರ್ಧ ಸುತ್ತಿನಷ್ಟು ಕಾಯುವಿಕೆ. 5,400ರದ್ದರಲ್ಲಿ ಅದು 5.56 ಮಿಲಿಸೆಕೆಂಡು, 7,200ರದ್ದರಲ್ಲಿ 4.17. ಅಂದರೆ ಒಂದೊಂದು ಸಲಕ್ಕೂ ನನಗೆ ಉಳಿಯುವುದು 1.39 ಮಿಲಿಸೆಕೆಂಡು. ಇನ್ನು ನನ್ನ ಸಮಯದ ಬೆಲೆ. ಪತ್ರಿಕೆಯವರು ಕಳಿಸುವ ಸಂಭಾವನೆಯನ್ನು ಬರೆಯಲು ಹಿಡಿದ ಗಂಟೆಗಳಿಂದ ಭಾಗಿಸಿ, ಬಂದ ಉತ್ತರಕ್ಕೆ ನಾಚಿ, ಗಂಟೆಗೆ 90 ರೂಪಾಯಿ ಎಂದು ಉದಾರವಾಗಿ ಹಿಡಿದೆ. ಹಾಗಾದರೆ 900 ರೂಪಾಯಿ ಎಂದರೆ ಹತ್ತು ಗಂಟೆ. ಆ ಹತ್ತು ಗಂಟೆ ಗಿಟ್ಟಬೇಕಾದರೆ ಡಿಸ್ಕಿನ ಬಾಗಿಲನ್ನು ನಾನು 2 ಕೋಟಿ 59 ಲಕ್ಷ ಸಲ ತಟ್ಟಬೇಕು. ನನ್ನ ಒಂದು ಪ್ರಬಂಧ ಒತ್ತು, ದೀರ್ಘ ಎಲ್ಲ ಸೇರಿ ಅಬ್ಬಬ್ಬಾ ಎಂದರೆ 20 ಕೆಬಿ. ನಾನು ಕಣ್ಣು ಮಿಟುಕಿಸುವುದರೊಳಗೆ ಅದನ್ನು ಎರಡು ಡಿಸ್ಕೂ ಓದಿ ಮುಗಿಸಿ ನನ್ನ ಮುಂದಿನ ವಾಕ್ಯಕ್ಕೆ ಕಾದು ಕೂತಿರುತ್ತವೆ. ಆ ವಾಕ್ಯ ಕೆಲವೊಮ್ಮೆ ಮಂಗಳವಾರ ಬರುತ್ತದೆ.

"ವಿಂಡೋಸ್ ಏಳೋವಾಗ ಸಾವಿರಾರು ಫೈಲ್ ಎತ್ತುತ್ತೆ ಸಾರ್, ಅಲ್ಲಿ ಗೊತ್ತಾಗುತ್ತೆ" ಎಂದು ಅಂಗಡಿಯವರು ನನ್ನ ಹಿಂದೆ ಬೆಳೆಯುತ್ತಿದ್ದ ಸಾಲನ್ನು ನೋಡುತ್ತಾ ಹೇಳಿದರು. ಅವರ ಮಾತು ನಿಜವೇ. ಆದರೆ ಅಷ್ಟರಲ್ಲಿ ನನ್ನ ಕಣ್ಣು ಬಿಲ್ಲಿನ ಮೂಲೆಯಲ್ಲಿ ಸಿಕ್ಕಿಕೊಂಡಿತ್ತು. ನಿಮಿಷದ ಸುತ್ತನ್ನು ಸೆಕೆಂಡಿಗೆ ಇಳಿಸಿ ಬರೆದಿದ್ದೆ: 90, 120. ಮೂರಕ್ಕೆ ನಾಲ್ಕು. ಷಡ್ಜಕ್ಕೂ ಶುದ್ಧ ಮಧ್ಯಮಕ್ಕೂ ಇರುವ ಲೆಕ್ಕ! ಚಿಕ್ಕಂದಿನಲ್ಲಿ ಜಂಟಿ ವರಸೆ ದಾಟದೆ ಸಂಗೀತದಿಂದ ನಿವೃತ್ತನಾದ ನನಗೆ ಮೈ ಜುಮ್ಮೆಂದಿತು. ಇವರು 900 ರೂಪಾಯಿ ಕೇಳುತ್ತಿರುವುದು ವೇಗಕ್ಕಲ್ಲ, ಸ ಇಂದ ಮ ಗೆ ಹತ್ತಿಸಲು.

"ಇವುಗಳ ಶ್ರುತಿ ಕೇಳಬಹುದಾ?" ಎಂದೆ.

ಅಂಗಡಿಯವರು ಹಲವು ಬಗೆಯ ಗಿರಾಕಿಗಳನ್ನು ಕಂಡವರು. ರಿಪೇರಿ ಮೇಜಿನತ್ತ ಕೈ ತೋರಿಸಿದರು. ಅಲ್ಲಿ ಯಾರದೋ ಎರಡು ಡಿಸ್ಕುಗಳು, ಅದೃಷ್ಟಕ್ಕೆ ಒಂದು ಈ ಜಾತಿ, ಒಂದು ಆ ಜಾತಿ, ಕೇಬಲ್ಲು ಚುಚ್ಚಿಸಿಕೊಂಡು ತಿರುಗುತ್ತಿದ್ದವು. ಕಿವಿ ಹತ್ತಿರ ಒಯ್ದೆ. ಕೇಳಿಸಿದ್ದು ಹೊರಗಿನ ಆಟೋಗಳ ಹಾರನ್ನು. ಕೈಗೆತ್ತಿಕೊಳ್ಳೋಣವೆಂದರೆ ಮೇಜಿನ ಹುಡುಗ ಹೌಹಾರಿದ: "ಎತ್ತಬೇಡಿ ಸಾರ್, ಹೆಡ್ ತಾಗುತ್ತೆ!" ತಟ್ಟೆಗೂ ಹೆಡ್ಡಿಗೂ ನಡುವೆ ಇರುವುದು ಕೂದಲಿನ ದಪ್ಪಕ್ಕಿಂತ ಸಾವಿರಾರು ಪಟ್ಟು ಕಿರಿದಾದ ಸಂದು. ಸರಿ, ಬೆಟ್ಟ ಬರದಿದ್ದರೆ ನಾನೇ ಹೋಗಬೇಕಲ್ಲ. ಎರಡು ಕಿವಿಯನ್ನೂ ಬೆರಳಿನಿಂದ ಮುಚ್ಚಿ, ಸೊಂಟ ಬಗ್ಗಿಸಿ, ದವಡೆಯನ್ನು ಡಿಸ್ಕಿನ ಮೇಲೆ ಮೆಲ್ಲಗೆ ಊರಿದೆ. ಮೂಳೆಯ ಮೂಲಕ ಬಂತು ನೋಡಿ! ದೂರದ ಮಠದಲ್ಲಿ ಯಾರೋ ಬಾಯಿ ಮುಚ್ಚಿ ಓಂಕಾರ ಹೇಳುತ್ತಿದ್ದಂತೆ ಒಂದು ಮಂದ್ರ ಗುಂಯ್. ದವಡೆ ಬದಲಿಸಿದೆ. ಕೊಂಚ ಮೇಲೆ, ಇನ್ನೊಂದು ಗುಂಯ್. ಸ... ಮ... ನನಗೇ ಗೊತ್ತಿಲ್ಲದೆ ಹಾಡಿಬಿಟ್ಟಿದ್ದೆ.

"ಅದು ಮಧ್ಯಮ ಅಲ್ಲ ಸ್ವಾಮಿ." ಸಾಲಿನಲ್ಲಿ ಪ್ರಿಂಟರ್ ಕಾರ್ಟ್ರಿಜ್ ಹಿಡಿದು ನಿಂತಿದ್ದ ಹಣೆಗೆ ವಿಭೂತಿಯ ಹಿರಿಯರೊಬ್ಬರು ಬಿಲ್ಲನ್ನು ಎಳೆದುಕೊಂಡು ಹೇಳಿದರು. "ವೇಗದ್ದನ್ನ ಷಡ್ಜ ಅಂತ ಇಟ್ಕೊಳಿ. ಆಗ ನಿಧಾನದ್ದು ಮಂದ್ರ ಪಂಚಮ. ತಂಬೂರಿಯ ಮೊದಲನೇ ತಂತಿ, ಎರಡನೇ ತಂತಿ."

ನಾನು ಬಗ್ಗಿದಲ್ಲಿಂದಲೇ ವಾದಿಸಿದೆ. ಕಡಿಮೆ ಬೆಲೆಯದ್ದೇ ಆಧಾರ ಷಡ್ಜ ಆಗಬೇಕು, ಅದು ಬಡವನಿಗೂ ಸಿಗಬೇಕಾದ ಸ್ವರ, ಎಂದೆ. ಅವರು ಒಪ್ಪಲಿಲ್ಲ. ಸರ್ವರುಗಳಲ್ಲಿ 15,000 ಸುತ್ತಿನ ಡಿಸ್ಕು ಉಂಟೆಂದು ಮೇಜಿನ ಹುಡುಗ ಬಾಯಿ ಹಾಕಿದ. ಹಿರಿಯರು ಮನಸ್ಸಿನಲ್ಲೇ ಭಾಗಿಸಿ "250. ತಾರ ಷಡ್ಜಕ್ಕೆ 240 ಸಾಕಿತ್ತು. ಅಪಶ್ರುತಿ" ಎಂದು ಆ ಡಿಸ್ಕನ್ನು ಅಲ್ಲಿಂದಲೇ ತಿರಸ್ಕರಿಸಿದರು. ಅಂಗಡಿಯವರು ಕೈ ಮುಗಿದು, "ಎರಡೂ ತಗೊಂಡು ಮನೇಲಿ ಕಚೇರಿ ಮಾಡಿ ಸಾರ್" ಎಂದರು.

ಏಳಬೇಕು ಎನ್ನುವಾಗ ಮೇಜಿನ ಮಟ್ಟಕ್ಕಿದ್ದ ನನ್ನ ಕಣ್ಣಿಗೆ ಅದರಾಚೆ ನೆಲದ ಮೇಲೆ ಕೂತಿದ್ದ ಇನ್ನೊಬ್ಬ ಹುಡುಗ ಬಿದ್ದ. ಸತ್ತ ಡಿಸ್ಕುಗಳ ತಿರುಪು ಬಿಚ್ಚಿ, ಅಯಸ್ಕಾಂತ ಒಂದು ಡಬ್ಬಿಗೆ, ಕನ್ನಡಿಯಂಥ ತಟ್ಟೆ ಒಂದು ಚೀಲಕ್ಕೆ ಹಾಕುತ್ತಿದ್ದ. ಕೈಯಲ್ಲಿದ್ದುದರ ಮೇಲೆ ಬಾಲ್‌ಪೆನ್ನಿನಲ್ಲಿ 'ಗೃಹಪ್ರವೇಶ, ಅಪ್ಪ' ಎಂದು ಬರೆದ ಚೀಟಿ. ಅದಕ್ಕೇನಾಗಿತ್ತು ಎಂದೆ. "ಕೆಳಗೆ ಬಿದ್ದಿತ್ತು. ರಿಕವರಿ ಆಗ್ಲಿಲ್ಲ. ಆಯಮ್ಮ ಆಮೇಲೂ ಬಂದು ಕೇಳಿದ್ರು." ತಿರುಪು ಬಿಚ್ಚುವುದನ್ನು ನಿಲ್ಲಿಸದೆ ಹೇಳಿದ. ಅದು ಎಷ್ಟು ಸುತ್ತಿನದ್ದೆಂದು ನಾನು ಕೇಳಲಿಲ್ಲ. ಎಷ್ಟು ವರ್ಷ ಬಾಳುತ್ತದೆ ಎಂದು ಅಂಗಡಿಯವರನ್ನು ಕೇಳಿದೆ. "ಡಿಸ್ಕಿಗೆ ವಾರಂಟಿ ಇದೆ, ಒಳಗಿರೋದಕ್ಕೆ ಇಲ್ಲ" ಎಂದರು. ಷಡ್ಡಕನಿರಲಿ, ಸಾಲಿನವರಿರಲಿ, ನಾನಿರಲಿ, ಬೆಳಗಿನಿಂದ ಬರೀ ವೇಗದ ಮಾತಾಡಿದ್ದೆವು. ಇನ್ನೊಂದು ಪ್ರತಿ ಇದೆಯೇ ಎಂದು ಒಬ್ಬರಾದರೂ ಒಬ್ಬರನ್ನು ಕೇಳಿರಲಿಲ್ಲ.

ಕೊನೆಗೆ ಕೊಂಡದ್ದು 7,200ರದ್ದನ್ನೇ. ದವಡೆ ಒಪ್ಪಿತು, ಅಷ್ಟೆ. ಹಳೆಯದನ್ನು ಕೊಟ್ಟರೆ 200 ರೂಪಾಯಿ ಮುರಿದುಕೊಳ್ಳುತ್ತೇನೆಂದರು. ಕೊಡದೆ ಕರವಸ್ತ್ರದಲ್ಲಿ ಸುತ್ತಿ ಮನೆಗೆ ತಂದೆ.

ಹಳೆಯದರಿಂದ ಹೊಸದಕ್ಕೆ ತುಂಬಿಸಲು ರಾತ್ರಿ ಕೂತೆ. ನಡುವೆ ಯುಎಸ್‌ಬಿ 2.0 ಕೇಬಲ್ಲು. ಎಂಥ ಡಿಸ್ಕಿಗೂ ಅದು ಬಿಡುವುದು ಸೆಕೆಂಡಿಗೆ ಹೆಚ್ಚೆಂದರೆ 30 ಎಂಬಿ ಚಿಲ್ಲರೆ. ಪರದೆ ಒಮ್ಮೆ 'ಇನ್ನು 3 ಗಂಟೆ' ಎಂದಿತು, ಒಮ್ಮೆ '9 ಗಂಟೆ' ಎಂದಿತು. ನನ್ನ ಮಧ್ಯಮ, ಅಥವಾ ಷಡ್ಜ, ಇಪ್ಪತ್ತು ರೂಪಾಯಿಯ ವೈರಿನ ಮುಂದೆ ಕೈಕಟ್ಟಿ ನಿಂತಿತ್ತು. ಹೆಂಡತಿ ಬಂದು ಇದರ ಹೆಚ್ಚುಗಾರಿಕೆ ಏನೆಂದು ಕೇಳಿದಳು. ನಿಮಿಷಕ್ಕೆ 7,200 ಸುತ್ತು ಎಂದೆ, ಸ್ವಲ್ಪ ಗತ್ತಿನಿಂದಲೇ. ಅಡುಗೆಮನೆಗೆ ಹೋಗಿ ಮಿಕ್ಸಿ ತಲೆಕೆಳಗು ಮಾಡಿ ಓದಿಕೊಂಡು ಬಂದಳು.

"ಇದು 18,000. ನಿಮ್ಮ ಪ್ರಬಂಧ ಇದರಲ್ಲಿ ಹಾಕಿ, ಬೇಗ ಆಗುತ್ತೆ."