ನಿಂತವರ ಮೀಮಾಂಸೆ

ಸೂತ್ರ: ಸಂಬಳ ಕೊಡುವವನು ಕೂರತಕ್ಕದ್ದು, ಪಡೆಯುವವಳು ನಿಲ್ಲತಕ್ಕದ್ದು.

ಭಾಷ್ಯ: ದೊಡ್ಡ ಜವಳಿ ಅಂಗಡಿಯೆಂಬ ಬ್ರಹ್ಮಾಂಡದಲ್ಲಿ ಆಸನ ಮೂರೇ ಬಗೆ. ಗಿರಾಕಿಗೆ ಮೆತ್ತೆ, ಮಾಲೀಕರಿಗೆ ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿ, ಸೀರೆಗೆ ಕಪಾಟು. ನಾಲ್ಕನೆಯದನ್ನು ಶಾಸ್ತ್ರ ಹೇಳಿಲ್ಲ. ‘ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು’ ಎಂಬ ಗಾದೆಯೇ ಪ್ರಮಾಣ. ಹಾಗಾದರೆ ಮಾಲೀಕರು ಕೂತಿದ್ದಾರಲ್ಲ ಎಂದು ಕೇಳಬಾರದು. ಅವರ ಹೊನ್ನು ಕುಡಿಕೆಯಲ್ಲಿಲ್ಲ.

ಪೂರ್ವಪಕ್ಷ: ಈ ಅನಾದಿ ನಿಯಮಕ್ಕೆ ಭಂಗ ತಂದವರಲ್ಲಿ ಆಂಗ್ಲರೂ ಉಂಟು. ಅಂಗಡಿಯಲ್ಲಿ ಮೂವರು ಹೆಣ್ಣಾಳುಗಳಿಗೆ ಕಡೇಪಕ್ಷ ಒಂದು ಆಸನವಿರಬೇಕೆಂದು ಅವರು 1899ರಲ್ಲೇ ಕಾನೂನು ಮಾಡಿದರು. ಉಳಿದಿಬ್ಬರ ಕಾಲುಗಳ ವಿಚಾರ ಭಾಷ್ಯಕಾರರಿಗೆ ಬಿಟ್ಟದ್ದು.

ನಮ್ಮ ಕಡೆ ಈ ಪಾಷಂಡ ಮತ ಬಲಿತದ್ದು ಕಲ್ಲಿಕೋಟೆಯಲ್ಲಿ. ಅಲ್ಲಿನ ಮಿಠಾಯಿ ಬೀದಿಯ ಅಂಗಡಿ ಹೆಂಗಸರು ನೀರು ಕುಡಿಯಲೂ ಹೆದರುತ್ತಿದ್ದರು. ಕುಡಿದರೆ ಹೋಗಲು ಶೌಚಾಲಯವಿರಲಿಲ್ಲ. ಬಟ್ಟೆ ಹೊಲಿಯುತ್ತಿದ್ದ ಪಿ. ವಿಜಿ ‘ಪೆಣ್‌ಕೂಟ್ಟು’ ಎಂಬ ಗುಂಪು ಕಟ್ಟಿ ಮೊದಲು ಶೌಚಾಲಯ ಕೇಳಿದರು, ಆಮೇಲೆ ಕುರ್ಚಿ. ಒಂದು ಕೊಟ್ಟರೆ ಇನ್ನೊಂದು ಕೇಳುತ್ತಾರೆಂಬ ವರ್ತಕಸಮೂಹದ ಭಯ ಸುಳ್ಳಾಗಲಿಲ್ಲ. ತ್ರಿಶೂರಿನ ಸೀರೆ ಮಳಿಗೆಯೊಂದರ ಹೆಂಗಸರಂತೂ 2014ರ ಕೊನೆಯಲ್ಲಿ ಕೂರುವ ಹಕ್ಕಿಗಾಗಿ ಧರಣಿ ಕೂತರು. ನಿಂತರೆ ಸಂಬಳ, ಕೂತರೆ ಬೀದಿ! ಗಂಡಸರೇ ತುಂಬಿದ ದೊಡ್ಡ ಕಾರ್ಮಿಕ ಸಂಘಗಳಿಗೆ ಇದರಲ್ಲಿ ಆಸಕ್ತಿ ಹುಟ್ಟಲಿಲ್ಲವೆಂಬುದು ವಿಜಿಯವರ ದೂರು. ಕ್ರಾಂತಿ ತರುವವರಿಗೆ ಸ್ಟೂಲು ತರಲು ಪುರುಸೊತ್ತೆಲ್ಲಿ?

ಸಿದ್ಧಾಂತ: ಕಡೆಗೆ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕಾಯ್ದೆ ತಿದ್ದಿದವು. ಮಾಲೀಕರು ಗಾಬರಿಯಾಗಬೇಕಿಲ್ಲ, ಶಾಸಕರು ದಯಾಳುಗಳು. ಕೆಲಸದ ನಡುವೆ ಕೂರುವ ಅವಕಾಶ ಸಿಕ್ಕಾಗ ಕೂರಲು ಆಸನವಿರಬೇಕು ಎಂಬುದಷ್ಟೇ ಕಾನೂನಿನ ತಾತ್ಪರ್ಯ. ಅವಕಾಶ ಸಿಗುವುದು ಯಾವಾಗ? ಗಿರಾಕಿ ಇದ್ದಾಗ ಸಲ್ಲದು. ಇಲ್ಲದಾಗ ಮಡಿಸಬೇಕಾದ ಸೀರೆಗಳ ರಾಶಿ ಇದೆ. ಮಡಿಸಿ ಮುಗಿದರೆ ಮೇಲ್ವಿಚಾರಕರ ಕಣ್ಣು, ಅದರ ಮೇಲೆ ಸಿಸಿಟಿವಿ. ಹೀಗೆ ಅವಕಾಶವೆಂಬುದು ನಿರ್ಗುಣ, ನಿರಾಕಾರ. ಕುರ್ಚಿ ಮಾತ್ರ ಸಾಕಾರ. ಪ್ಲಾಸ್ಟಿಕ್ಕಿನದು, ಇನ್‌ಸ್ಪೆಕ್ಟರು ಬಂದಾಗ ಎಣಿಸಲು ಅನುಕೂಲ.

ಇನ್ನೂ ಸಂಶಯವುಳ್ಳ ಓದುಗರು ಮುಂದಿನ ಸಲ ಮದುವೆ ಜವಳಿಗೆ ಹೋದಾಗ, ಐವತ್ತನೆಯ ಸೀರೆ ಬಿಚ್ಚಿಸಿದ ಮೇಲೆ, “ನೀನೂ ಸ್ವಲ್ಪ ಕೂತ್ಕೊಳ್ಳಮ್ಮ” ಎಂದು ಹೇಳಿ ನೋಡಿ. ಅವಳು ಹಿಂದೆಮುಂದೆ ನೋಡದೆ ಕೂತಳೋ, ಈ ಗ್ರಂಥವನ್ನು ರದ್ದಿಗೆ ಹಾಕಿ.