ಅದಿರು ಲಾರಿಯ ತಾಡಪತ್ರಿಗೆ ಒಂದು ಬಹಿರಂಗ ಪತ್ರ

ಮಾನ್ಯ ತಾಡಪತ್ರಿಯವರಿಗೆ,

ಸಂಡೂರು–ಹೊಸಪೇಟೆ ರಸ್ತೆ ಬದಿಯ ನಿವಾಸಿಗಳು ಮಾಡುವ ನಮಸ್ಕಾರಗಳು. ಇತ್ತ ನಾವೆಲ್ಲ ಅದಿರಿನ ಧೂಳಿನಲ್ಲಿ ಕೆಂಪಗೆ ಕ್ಷೇಮ. ಒಣಹಾಕಿದ ಪಂಚೆ ಕೆಂಪು, ತುಳಸಿಕಟ್ಟೆ ಕೆಂಪು, ಬೇವಿನ ಎಲೆಯೂ ಕೆಂಪು. ಅತ್ತ ತಾವು ಡ್ರೈವರ್ ಸೀಟಿನ ಹಿಂದೆ ಮಡಿಕೆ ಮುರಿಯದೆ ಸುಖವಾಗಿದ್ದೀರೆಂದು ತಿಳಿದು ಸಂತೋಷವಾಯಿತು.

ಮುಂದೆ ತಪಾಸಣೆ ಇದೆಯೆಂದು ಎದುರಿನ ಲಾರಿ ಲೈಟು ಮಿಟುಕಿಸಿದಾಗ ತಾವು ದರ್ಶನ ಕೊಡುವುದುಂಟು. ಆಗಲೂ ನಡು ಮುಚ್ಚಿ, ಮೂಲೆ ಬಿಟ್ಟು! ಅದಿರು ಭಾರದ ವಸ್ತು; ತೂಕ ಭರ್ತಿಯಾದರೂ ಟಿಪ್ಪರಿನ ಬಾಡಿ ಭರ್ತಿಯಾಗುವುದಿಲ್ಲ. ಮಾಲು ಒಳಗೇ ಇದೆಯಲ್ಲ, ಮುಚ್ಚುವುದೇಕೆ ಎನ್ನುವ ಪಂಡಿತರಿದ್ದಾರೆ. ಕ್ಯಾಬಿನ್ ಹಾರಿ ಬಂದ ಗಾಳಿ ಆ ಖಾಲಿ ಜಾಗಕ್ಕೇ ಇಳಿದು, ಸುತ್ತಿ, ಪುಡಿ ಅದಿರನ್ನು ಎತ್ತಿಕೊಂಡು ಹೋಗುತ್ತದೆ. ಮುಂದಿನ ಅಂಚು ಒಂದು ಗೇಣು ಎದ್ದಿದ್ದರೆ ಸಾಕು, ತಾವು ಉಬ್ಬಿ ಪಟಪಟ ಹೊಡೆದುಕೊಳ್ಳುತ್ತೀರಿ. ಹಗ್ಗ ಸಡಿಲಾಗುತ್ತದೆ, ಅದರ ತುದಿ ಹಿಂದಿನ ಬೈಕಿನವನ ಮುಖ ಹುಡುಕುತ್ತದೆ. ಆದ್ದರಿಂದ ಮೊದಲು ಮುಂದಿನ ಅಂಚನ್ನು ಬಿಗಿಯಬೇಕು, ಆಮೇಲೆ ಎರಡೂ ಪಕ್ಕ ಕೊಕ್ಕೆಗೆ ಎಳೆದು ಹಗ್ಗವನ್ನು ಅಡ್ಡಡ್ಡ ಹಾಯಿಸಬೇಕು. ಗುಂಡಿಗಳಲ್ಲಿ ಕುಲುಕಿ ಮಾಲು ಕುಸಿಯುವುದರಿಂದ ಒಂದಷ್ಟು ದೂರ ಹೋದ ಮೇಲೆ ಇಳಿದು ಮತ್ತೆ ಬಿಗಿಯಬೇಕು. ನಮ್ಮ ರಸ್ತೆಯಲ್ಲಿ ಗುಂಡಿಗೇನೂ ಕೊರತೆಯಿಲ್ಲ.

ತಮ್ಮ ಬಂಧುಗಳು ಮಾತ್ರ ಎಲ್ಲೆಡೆ ದುಡಿಯುತ್ತಿದ್ದಾರೆ. ಕಂಪ್ಲಿಯಲ್ಲಿ ಮೋಡ ಕವಿದರೆ ರೈತ ಓಡಿ ಬಂದು ಭತ್ತದ ರಾಶಿಗೆ ತಾಡಪತ್ರಿ ಹೊದಿಸುತ್ತಾನೆ, ಅಂಚಿಗೆಲ್ಲ ಕಲ್ಲು ಹೇರುತ್ತಾನೆ, ರಾತ್ರಿ ಪಕ್ಕದಲ್ಲೇ ಮಲಗುತ್ತಾನೆ. ಹಂಪಿಯ ಹರಿಗೋಲಿಗೆ ಚರ್ಮ ಹೊದಿಸಿದ್ದನ್ನು 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪೇಸ್ ಬರೆದಿಟ್ಟಿದ್ದಾನೆ. ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು. ಅಲ್ಲಿ ಚೆಕ್‌ಪೋಸ್ಟ್ ಬೇಕಿಲ್ಲ. ನೀರು ಒಳಬಂದರೆ ಮುಳುಗುವವನು ಅಂಬಿಗನೇ, ಭತ್ತ ನೆಂದರೆ ಬೆಲೆ ಕಳೆದುಕೊಳ್ಳುವವನು ರೈತನೇ. ಅದಿರು ಹಿಡಿಯಷ್ಟು ಹಾರಿದರೆ ಮಾಲೀಕನಿಗೆ ನಯಾಪೈಸೆ ನಷ್ಟವಿಲ್ಲ, ನಷ್ಟ ನಮ್ಮ ಶ್ವಾಸಕೋಶದ ಖಾತೆಗೆ. ತಮ್ಮ ನಿರುದ್ಯೋಗದ ಗುಟ್ಟು ಇಷ್ಟೇ. ಡ್ರೈವರನನ್ನು ಬೈದು ಫಲವಿಲ್ಲ. ಟ್ರಿಪ್ಪಿನ ಲೆಕ್ಕದಲ್ಲಿ ದುಡಿಯುವವನಿಗೆ ಹಗ್ಗ ಬಿಗಿಯುವ ಹೊತ್ತಿಗೆ ಕೂಲಿ ಕೊಡುವವರು ಯಾರು?

2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತ್ತು. ಆಮೇಲೆ ಮಿತಿ ಹಾಕಿ ಬಿಟ್ಟಿತು. 2022ರಲ್ಲಿ ಜಿಲ್ಲೆಯ ಅದಿರು ಉತ್ಪಾದನೆಯ ವಾರ್ಷಿಕ ಮಿತಿ 2.8 ಕೋಟಿ ಟನ್ನಿನಿಂದ 3.5 ಕೋಟಿಗೆ ಏರಿತು. ನಡುವೆ 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಯ ಕೇಂದ್ರವಾಯಿತು, ಸಂಡೂರು ಬಳ್ಳಾರಿಯಲ್ಲೇ ಉಳಿಯಿತು. ದೂರು ಕೊಡಲು ಈಗ ಎರಡೆರಡು ಜಿಲ್ಲಾಧಿಕಾರಿ ಕಚೇರಿಗಳಿವೆ, ಧೂಳು ಮಾತ್ರ ಒಂದೇ. ಲಾರಿಗೆ ಹೆಚ್ಚು ಭಾರ ಹೇರಿದರೆ 20 ಸಾವಿರ ರೂಪಾಯಿ ದಂಡ, ಮೇಲೆ ಹೆಚ್ಚುವರಿ ಟನ್ನಿಗೆ 2 ಸಾವಿರ. ಹಾಗಾಗಿ ತೂಕಕ್ಕೆ ಎಲ್ಲರೂ ಹೆದರುತ್ತಾರೆ, ತಮಗೆ ಯಾರೂ ಹೆದರುವುದಿಲ್ಲ.

ಆದ್ದರಿಂದ ಗಣಿಯವರಲ್ಲಿ ತಾವೇ ಒಂದು ಮಾತು ಹೇಳಿ: ವೇಬ್ರಿಡ್ಜಿನಲ್ಲಿ ತೂಕ ನೋಡುವಾತ ಮುಂದಿನ ಮೂಲೆಯ ಹಗ್ಗವನ್ನೂ ಒಮ್ಮೆ ಜಗ್ಗಿ ನೋಡಲಿ. ಅದು ಬಿಗಿಯಾಗಿದ್ದರೆ ಮಾತ್ರ ಲಾರಿಗೆ ಪರ್ಮಿಟ್ ಕೊಡಲಿ.

ಇಂತಿ ತಮ್ಮ ವಿಶ್ವಾಸಿ,
ರಸ್ತೆ ಬದಿಯ ಒಬ್ಬ ನಿವಾಸಿ