ಮಿತಾಕ್ಷರ ಮತ್ತು ಸಿಎಸ್‌ಎಸ್: ಡಿಸೈನ್ ವಿದ್ಯಾರ್ಥಿಗಳ ದಾಯಾದಿ ವ್ಯಾಜ್ಯಗಳ ಮೀಮಾಂಸೆ

ಡಿಸೈನ್ ಕಾಲೇಜುಗಳಲ್ಲಿ ವೆಬ್‌ಸೈಟ್ ಕಟ್ಟುವುದನ್ನು ಕಂಪ್ಯೂಟರ್ ಲ್ಯಾಬಿನಲ್ಲಿ ಕಲಿಸುತ್ತಾರೆ. ಇದು ಬುಡದಲ್ಲೇ ಆದ ಪ್ರಮಾದ, ಈ ವಿಷಯ ನ್ಯಾಯವಾಗಿ ಲಾ ಕಾಲೇಜಿನ ಉತ್ತರಾಧಿಕಾರ ಕಾನೂನಿನ ತರಗತಿಗೆ ಸೇರತಕ್ಕದ್ದು ಎಂಬುದೇ ಪ್ರಸ್ತುತ ಪ್ರಬಂಧದ ಪ್ರತಿಜ್ಞೆ. ಫಿಗ್ಮಾ ಎಂಬ ವಿನ್ಯಾಸ ತಂತ್ರಾಂಶದಲ್ಲಿ ಇರುವವರೆಗೆ ವಿದ್ಯಾರ್ಥಿಯ ಚೌಕ ಬಹುಮಟ್ಟಿಗೆ ಹೇಳಿದ ಮಾತು ಕೇಳುತ್ತದೆ; ಎಳೆದಲ್ಲಿಗೆ ಬರುತ್ತದೆ, ಬಿಟ್ಟಲ್ಲಿ ಕೂರುತ್ತದೆ. ಅದೇ ಚೌಕ ಕೋಡಿಗೆ ಇಳಿಯಿತೋ, ಅದಕ್ಕೆ ಅಪ್ಪ, ಅಜ್ಜ, ಅಣ್ಣತಮ್ಮಂದಿರು ಹುಟ್ಟಿಕೊಳ್ಳುತ್ತಾರೆ. ಆಮೇಲೆ ಉಳಿಯುವುದು ಸೌಂದರ್ಯದ ಪ್ರಶ್ನೆಯಲ್ಲ, ಪಾಲಿನ ಪ್ರಶ್ನೆ.

ಪ್ರಮಾಣಗಳನ್ನು ನೋಡೋಣ. ಕಲ್ಯಾಣದ ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರದ ಪ್ರಕಾರ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು; ಜೀಮೂತವಾಹನನ ದಾಯಭಾಗದಲ್ಲಾದರೆ ಅಪ್ಪ ಕಣ್ಮುಚ್ಚುವವರೆಗೆ ಕಾಯಬೇಕು. ಸಿಎಸ್‌ಎಸ್ ಎಂಬ, ವೆಬ್‌ಪುಟದ ರೂಪ ನಿರ್ಧರಿಸುವ ಭಾಷೆ ನಿಸ್ಸಂದೇಹವಾಗಿ ಮಿತಾಕ್ಷರ ಪಂಥದ್ದು. ಇಡೀ ಪುಟವನ್ನು ಹೊತ್ತ ಬಾಡಿ ಟ್ಯಾಗಿಗೆ ಬೂದುಬಣ್ಣ ಕೊಟ್ಟೊಡನೆ ಒಳಗಿನ ಪ್ಯಾರಾಗಳೆಲ್ಲ ಬೂದಾಗುತ್ತವೆ, ಅದೂ ಅಪ್ಪ ಬದುಕಿರುವಾಗಲೇ. ಬಣ್ಣ, ಫಾಂಟು ಪಿತ್ರಾರ್ಜಿತ. ಬಾರ್ಡರ್, ಮಾರ್ಜಿನ್, ಪ್ಯಾಡಿಂಗ್ ಸ್ವಯಾರ್ಜಿತ, ಮಕ್ಕಳಿಗೆ ತಾವಾಗಿ ಇಳಿಯವು. ಎಲ್ಲ ಬೂದಾದರೂ ನಡುವಿನ ಲಿಂಕ್ ಮಾತ್ರ ನೀಲಿಯಾಗಿಯೇ ಉಳಿದು ವಿದ್ಯಾರ್ಥಿಯ ರಾತ್ರಿ ಹಾಳಾಗುವುದುಂಟು. ಆ ವಿದ್ಯಾರ್ಥಿಗೆ ಯಾರೂ ಹೇಳದ ಸಂಗತಿ: ಲಿಂಕ್ ದತ್ತು ಹೋದ ಮಗ. ಬ್ರೌಸರ್ ತನ್ನದೇ ಸ್ಟೈಲ್‌ಶೀಟಿನಲ್ಲಿ ಅದಕ್ಕೆ ನೀಲಿ ಬರೆದುಕೊಟ್ಟಿದೆ. ಹುಟ್ಟಿದ ಮನೆಯ ಆಸ್ತಿ ಬೇಕಿದ್ದರೆ ಇನ್‌ಹೆರಿಟ್ ಎಂದು ಅರ್ಜಿ ಹಾಕಬೇಕು. ಇನ್ನು ಕಾಲದ ಸಾಕ್ಷ್ಯ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನ ಹಕ್ಕು ಕೊಡುವ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈಯಲ್ಲಿ. ಹೋಕನ್ ವೀಯಮ್ ಲೀ ಸಿಎಸ್‌ಎಸ್‌ನ ಮೊದಲ ಪ್ರಸ್ತಾವ ಮುಂದಿಟ್ಟದ್ದು ಅದೇ ವರ್ಷದ ಅಕ್ಟೋಬರಿನಲ್ಲಿ; ಅದರಲ್ಲಿ ಗಂಡು ಹೆಣ್ಣೆಂಬ ಭೇದವೇ ಇಲ್ಲ. ಇದನ್ನು ಕಾಕತಾಳೀಯ ಎನ್ನುವವರನ್ನು ಕಂಡರೆ ಕನಿಕರವಾಗುತ್ತದೆ.

ವಿದ್ಯಾರ್ಥಿಗಳ ಉಳಿದ ಗೋಳುಗಳೂ ಕೋರ್ಟಿನ ಕಟ್ಟೆಯ ಮೇಲೆ ಕೇಳಿಬರುವಂಥವೇ. ಚೌಕಕ್ಕೆ 100 ಪರ್ಸೆಂಟ್ ಎತ್ತರ ಬರೆದರೂ ಅದು ಏಳುವುದಿಲ್ಲ, ಏಕೆಂದರೆ ಅಪ್ಪನ ಎತ್ತರವೇ ಎಲ್ಲೂ ದಾಖಲಾಗಿಲ್ಲ. ಇಲ್ಲದ್ದರಲ್ಲಿ ನೂರಕ್ಕೆ ನೂರು ಪಾಲು ಕೇಳಿ ಏನು ಬಂತು? ಅಣ್ಣನ ಕೆಳಗೆ 30 ಪಿಕ್ಸೆಲ್ ಮಾರ್ಜಿನ್, ತಮ್ಮನ ಮೇಲೆ 20 ಬಿಟ್ಟರೆ ನಡುವೆ 50 ಸಿಗುವುದಿಲ್ಲ, 30 ಮಾತ್ರ: ದೊಡ್ಡವನದು ಚಿಕ್ಕವನದನ್ನು ನುಂಗಿರುತ್ತದೆ. ಯಾರು ಯಾರ ಮೇಲೆಂದು ಹೇಳುವ ಝಡ್-ಇಂಡೆಕ್ಸ್‌ಗೆ 9999 ಕೊಟ್ಟ ಮಗನೂ, ಅಪ್ಪನ ಅಂತಸ್ತು ಕಡಿಮೆಯಿದ್ದರೆ, ಚಿಕ್ಕಪ್ಪನ ಕೆಳಗೇ ಮಲಗಬೇಕು.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ: ಫ್ಲೆಕ್ಸ್‌ಬಾಕ್ಸ್ ಬಂದ ಮೇಲೆ ಚೌಕವನ್ನು ನಟ್ಟನಡುವೆ ಕೂರಿಸುವುದು ಮೂರು ಸಾಲಿನ ಕೆಲಸ, ವ್ಯಾಜ್ಯವೆಲ್ಲಿದೆ? ಆ ಮೂರು ಸಾಲನ್ನು ಎಲ್ಲಿ ಬರೆಯುತ್ತಾರೆಂದು ಇವರು ಗಮನಿಸಿಲ್ಲ. ಮಗನ ಮೇಲಲ್ಲ, ಅಪ್ಪನ ಮೇಲೆ. ಮಗ ಎಲ್ಲಿ ಕೂರಬೇಕೆಂದು ಅಪ್ಪ ತೀರ್ಮಾನಿಸುವ ಏರ್ಪಾಡನ್ನು ಅವಿಭಕ್ತ ಕುಟುಂಬ ಎನ್ನದೆ ಇಂಜಿನಿಯರಿಂಗ್ ಎನ್ನಬೇಕೆ? ಆ ಸೌಲಭ್ಯ ಮೊಮ್ಮಗನಿಗೆ ಇಳಿಯುವುದಿಲ್ಲ ಎಂಬುದು ಮಿತಾಕ್ಷರಕ್ಕೆ ವಿರುದ್ಧ, ಒಪ್ಪಿದೆ, ಲಿಪಿಕಾರರ ಪ್ರಮಾದವಿದ್ದೀತು. ಇನ್ನು ಕೆಲವರು ಇಂಪಾರ್ಟೆಂಟ್ ಎಂಬ ಬ್ರಹ್ಮಾಸ್ತ್ರವನ್ನು ತೋರಿಸಿ, ಅದನ್ನು ಹಾಕಿದರೆ ಎಲ್ಲ ತಕರಾರೂ ಮುಗಿಯುತ್ತದೆ ಎನ್ನುತ್ತಾರೆ. ಎರಡು ಕಡೆ ಹಾಕಿದಾಗ ಏನಾಗುತ್ತದೆಂದು ಅವರೇ ನೋಡಲಿ. ಮತ್ತೆ ಮೊದಲಿನಿಂದ ವಿಚಾರಣೆ: ನಿಯಮ ಯಾರಿಗೆಂದು ಹೆಸರಿಸುವ ಸೆಲೆಕ್ಟರ್ ಯಾರದು ಹೆಚ್ಚು ನಿರ್ದಿಷ್ಟ? ಒಬ್ಬನನ್ನೇ ಹೆಸರಿಸುವ ಒಂದು ಐಡಿಯ ಎದುರು ಗುಂಪನ್ನು ಹೆಸರಿಸುವ ಕ್ಲಾಸುಗಳ ದಂಡೇ ಬಂದರೂ ನಿಲ್ಲದು. ಅದರಲ್ಲೂ ಸಮವಾದರೆ ಕೊನೆಗೆ ಬರೆದದ್ದೇ ಊರ್ಜಿತ. ಉಯಿಲುಗಳ ಕಾನೂನೂ ಇದೇ ತಾನೆ? ಅದಕ್ಕೇ ಯಾವ ವಿದ್ಯಾರ್ಥಿಯ ಫೈಲನ್ನು ತೆರೆದರೂ ತಳದಲ್ಲಿ, ಸಲ್ಲಿಕೆಯ ಹಿಂದಿನ ರಾತ್ರಿ ಗಡಿಬಿಡಿಯಲ್ಲಿ ಸೇರಿಸಿದ ಹತ್ತಾರು ಸಾಲುಗಳು, ಮೇಲಿನದನ್ನೆಲ್ಲ ರದ್ದುಮಾಡುತ್ತ, ಸಾಕ್ಷಿಯ ರುಜುವಿಗಾಗಿ ಕಾದಿರುತ್ತವೆ.